ಅಡಿಕೆ ಅಂಗಳದಲ್ಲಿ ಓಡಿದ 750 ರೂಪಾಯಿಯ ರೈಲು

ಮೊದಲೇ ಹೇಳಿಬಿಡುತ್ತೇನೆ, ಇದು ಆಟದ ಸಾಮಾನಿನ ವಿಮರ್ಶೆ. ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದಾಗ ಅಕ್ಕನ ಮಗನಿಗೆ ಅಂತ ಒಂದು ಬ್ಯಾಟರಿ ರೈಲು ತಂದೆ. 750 ರೂಪಾಯಿ. ಡಬ್ಬದ ಮೇಲೆ ಕಂಪನಿ ಹೆಸರೇ ಇಲ್ಲ, 'ಬುಲೆಟ್ ಟ್ರೈನ್' ಅಂತ ಮಾತ್ರ ದಪ್ಪಕ್ಷರದಲ್ಲಿದೆ. ಚಿತ್ರದಲ್ಲಿ ಎಂಟು ಬೋಗಿ, ಒಳಗೆ ಮೂರೇ. ಅಂಗಡಿಗೆ ಫೋನ್ ಮಾಡಿ ಕೇಳಿದರೆ "ಚಿತ್ರ ಸುಮ್ನೆ ಸಾರ್, ಶೋಗೆ" ಅಂದರು. ಆಯ್ತು ಬಿಡಿ.

ಹುಡುಗನಿಗೆ ಒಂಬತ್ತು ವರ್ಷ, ರೈಲಿನ ಹುಚ್ಚು. ನಮ್ಮ ಊರು ಆನಂದಪುರದ ಹತ್ತಿರ, ತಾಳಗುಪ್ಪ ಕಡೆ ಹೋಗೋ ರೈಲಿನ ಸದ್ದು ಮನೆಗೆ ಕೇಳುತ್ತದೆ. 2025ರಲ್ಲಿ ರೈಲಿನ ಬಗ್ಗೆ ಪೇಪರಿನಲ್ಲಿ ಏನೇ ಬಂದರೂ ಕತ್ತರಿಸಿ, ಅಜ್ಜನ ಹಳೇ ಅಡಿಕೆ ಲೆಕ್ಕದ ಪುಸ್ತಕಕ್ಕೆ ಅಂಟಿಸಿಟ್ಟಿದ್ದಾನೆ. ಹಾಗಾಗಿ ಈ ರೈಲಿನ ಪರೀಕ್ಷೆ ಆ ಪುಸ್ತಕದ ಪ್ರಕಾರವೇ ನಡೆಯಿತು. ನಾನು ಹಳಿ ಜೋಡಿಸೋ ಕೂಲಿ ಅಷ್ಟೇ.

ಸಮತಟ್ಟು ನೆಲದಲ್ಲಿ ಚೆನ್ನಾಗಿ ಓಡುತ್ತದೆ, ಅದರಲ್ಲಿ ತಕರಾರಿಲ್ಲ. ದುಂಡಗಿನ ಹಳಿ ಎಂಟು ತುಂಡು, ನೇರ ಹಳಿ ನಾಲ್ಕೇ. ಕೊಂಡಿಗಳು ತೆಳು, ಮೂರನೇ ದಿನಕ್ಕೆ ಒಂದು ಮುರಿಯಿತು.

ಸಮಸ್ಯೆ ಶುರುವಾಗಿದ್ದು ಸೇತುವೆ ಕಟ್ಟಲು ಹೋದಾಗ. ಪುಸ್ತಕದಲ್ಲಿ ಚೆನಾಬ್ ಸೇತುವೆ ಇದೆಯಲ್ಲ, ಜೂನ್ 6ರಂದು ಕಾಶ್ಮೀರದಲ್ಲಿ ಉದ್ಘಾಟನೆಯಾಗಿದ್ದು, ಅದೇ ಬೇಕು ಅಂದ. ಅದು ಎಷ್ಟು ಎತ್ತರ ಅಂತ ಅವನಿಗೆ ನಮ್ಮ ಲೆಕ್ಕದಲ್ಲೇ ಹೇಳಿದೆ: ಜೋಗದ ನೀರು ಬೀಳೋದು 253 ಮೀಟರ್, ಅದರ ಮೇಲೆ ಇನ್ನೂ ನೂರು ಮೀಟರ್ ಚಿಲ್ಲರೆ ಸೇರಿಸು. ನದಿಯಿಂದ 359 ಮೀಟರ್, ಉದ್ದ 1315 ಮೀಟರ್. ನಾವು ಎರಡು ಸ್ಟೂಲಿನ ಮಧ್ಯೆ ಅಡಿಕೆ ದಬ್ಬೆ ಇಟ್ಟೆವು, ಮೇಲೆ ಹಳಿ. ಸ್ಟೂಲಿಗೆ ಏರೋಕೆ ಇನ್ನೊಂದು ದಬ್ಬೆ ಓರೆಯಾಗಿ. ರೈಲು ಬಂತು, ಅರ್ಧ ಏರಿತು, ಚಕ್ರ ಸುಮ್ಮನೆ ಗಿರಗಿರ ತಿರುಗಿತು, ಹಿಂದಕ್ಕೆ ಜಾರಿ ನೇರ ಅಡಿಕೆ ರಾಶಿಗೆ.

ಇದು ಆಟದ ಸಾಮಾನಿನ ತಪ್ಪು ಮಾತ್ರ ಅಂತ ಹೇಳೋಕಾಗಲ್ಲ. ಕಬ್ಬಿಣದ ಹಳಿ, ಕಬ್ಬಿಣದ ಚಕ್ರ, ಎರಡೂ ನುಣುಪು, ನಿಜವಾದ ರೈಲಿಗೂ ಏರು ಅಂದರೆ ಕಷ್ಟವೇ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿ ಹೋದರೆ ಒಂದಡಿ ಏರು, ಅಷ್ಟಕ್ಕೇ ಹೆಚ್ಚಿಗೆ ಎಂಜಿನ್ ಹಾಕಿ ತಳ್ಳಬೇಕು. ಅದಕ್ಕೇ ಕಣಿವೆ ಇಳಿದು ಹತ್ತುವ ಬದಲು ಅಷ್ಟೆತ್ತರದಲ್ಲಿ ಸೇತುವೆ ಕಟ್ಟೋದು, ಗುಡ್ಡ ಸುತ್ತುವ ಬದಲು ಸುರಂಗ ಕೊರೆಯೋದು. ಸೆಪ್ಟೆಂಬರ್‌ನಲ್ಲಿ ಮಿಜೋರಾಂನ ಬೈರಾಬಿ–ಸೈರಾಂಗ್ ಮಾರ್ಗ ಶುರುವಾಯಿತಲ್ಲ, 51 ಕಿ.ಮೀ. ಅಷ್ಟೇ, ಆದರೆ ದಾರಿಯುದ್ದಕ್ಕೂ ಸುರಂಗ, ಸೇತುವೆ, ಮತ್ತೆ ಸುರಂಗ. ಆ ಫೋಟೋ ನೋಡಿ ಅಪ್ಪ, "ಇದು ನಮ್ ಕಡೆ ಗುಡ್ಡದ ಹಾಗೇ ಇದೆಯಲ್ಲೋ" ಅಂದರು. ಆಮೇಲೆ ಅರ್ಧ ಗಂಟೆ ಮೀಟರ್ ಗೇಜ್ ಕಾಲದ ರೈಲ್‌ಬಸ್ಸಿನ ಕತೆ. ಅದನ್ನು ಇಲ್ಲಿ ಬರೆಯಲ್ಲ, ಮುಗಿಯಲ್ಲ.

ಪಾಂಬನ್ ಮಾತ್ರ ಭರ್ಜರಿಯಾಗಿ ಆಯಿತು. ಏಪ್ರಿಲ್ 6ಕ್ಕೆ ಹೊಸ ಸೇತುವೆ ಉದ್ಘಾಟನೆಯಾಗಿತ್ತು, ರಾಮೇಶ್ವರಕ್ಕೆ ಹೋಗೋದು. 1914ರ ಹಳೇ ಸೇತುವೆಯಲ್ಲಿ ಜನ ಕೈಯಿಂದ ತಿರುಗಿಸಿ ಎರಡು ರೆಕ್ಕೆ ಎತ್ತುತ್ತಿದ್ದರು. ಹೊಸದರಲ್ಲಿ ಮಧ್ಯದ 72.5 ಮೀಟರ್ ತುಂಡು ಅಡ್ಡಡ್ಡಕ್ಕೇ ಲಿಫ್ಟಿನ ಹಾಗೆ ಮೇಲೇಳುತ್ತದೆ, ಕೆಳಗೆ ಹಡಗು ಹೋಗುತ್ತದೆ. ನಾವು ಎರಡು ಕುರ್ಚಿ, ನಾಲ್ಕು ದಾರ, ಒಂದು ನೇರ ಹಳಿ ಇಟ್ಟುಕೊಂಡು ಮಾಡಿದೆವು. ನಾನು ಒಂದು ಕಡೆ ಎಳೆದೆ, ಅವನು ಇನ್ನೊಂದು ಕಡೆ. ನಾನು ಒಂಚೂರು ಜಾಸ್ತಿ ಎಳೆದರೆ ಹಳಿ ವಾಲುತ್ತದೆ, ಸಿಕ್ಕಿಕೊಳ್ಳುತ್ತದೆ. "ಮಾಮ, ಒಟ್ಟಿಗೆ ಎಳಿ ಅಂದ್ರೆ ಗೊತ್ತಾಗಲ್ವಾ?" ಅಂತ ಬೈಸಿಕೊಂಡೆ. ತೆಂಗಿನ ಗರಟೆ ಹಡಗು ಐದನೇ ಸಲಕ್ಕೆ ಪಾಸಾಯಿತು.

ಏರಿನ ಸಿಟ್ಟು ಅವನಿಗೆ ಹೋಗಿರಲಿಲ್ಲ. ಎರಡು ಬೋಗಿಗೆ ಒಂದೇ ದಾರ ಕಟ್ಟಿ ಬೆಂಚಿನ ಮೇಲಿಂದ ಹಾಯಿಸಿದ. ಒಂದು ಇಳಿದರೆ ಇನ್ನೊಂದು ಏರುತ್ತದೆ, ಮೋಟರೇ ಬೇಡ. ಒಳ್ಳೇ ತಲೆ ಅಂದುಕೊಂಡೆ. ನಾಲ್ಕೈದು ಸಲ ಆದ ಮೇಲೆ ಗಂಟು ಬಿಚ್ಚಿತು, ಮೇಲಿನದು ದಡದಡ ಇಳಿದು ಕಂಬಕ್ಕೆ ಬಡಿಯಿತು. ಅವನು ನಗಲಿಲ್ಲ. ಪುಸ್ತಕ ತೆಗೆದು ಸೆಪ್ಟೆಂಬರ್ 3ರ ಲಿಸ್ಬನ್ ಫೋಟೋ ತೋರಿಸಿದ. ಗ್ಲೋರಿಯಾ ಅನ್ನೋ ಇಳಿಜಾರಿನ ರೈಲು, 1885ರಿಂದ ಇದ್ದಿದ್ದು, ಇದೇ ಥರ ಎರಡು ಗಾಡಿಗೆ ಒಂದು ಹಗ್ಗ. ಹಗ್ಗದ ಕೊಂಡಿ ಕೈಕೊಟ್ಟು 16 ಜನ ಸತ್ತರು.

"ಬ್ರೇಕ್ ಇರ್ಲಿಲ್ವಾ ಮಾಮ?"

"ಇತ್ತು ಕಣೋ. ಹಗ್ಗ ಹೋದ ಮೇಲೆ ಬರೀ ಬ್ರೇಕ್ ಸಾಕಾಗ್ಲಿಲ್ಲ."

ಅವತ್ತಿಗೆ ಆಟ ಬಂದ್.

ಇನ್ನು ಸ್ಟೇಷನ್. ಡಬ್ಬದಲ್ಲಿ ಆರು ತುಂಡಿನ ಪ್ಲಾಸ್ಟಿಕ್ ಸ್ಟೇಷನ್ ಇದೆ, 'ಎರಡೇ ನಿಮಿಷದಲ್ಲಿ ಜೋಡಿಸಿ' ಅಂತ ಬರೆದಿದ್ದಾರೆ. ಸುಳ್ಳು. ಒಂದು ತೂತೂ ಕೂರಲ್ಲ, ಕೊನೆಗೆ ಚಾಕು ಕಾಯಿಸಿ ಅಗಲ ಮಾಡಬೇಕಾಯಿತು. ಮಾರ್ಚ್‌ನಲ್ಲಿ ಜಪಾನಿನವರು ಹತ್ಸುಶಿಮಾ ಅನ್ನೋ ಊರಲ್ಲಿ, ಥ್ರೀಡಿ ಪ್ರಿಂಟರ್‌ನಲ್ಲಿ ಮಾಡಿಸಿದ ತುಂಡುಗಳನ್ನು ತಂದು, ರಾತ್ರಿ ಕೊನೇ ರೈಲು ಹೋದ ಮೇಲೆ ಶುರು ಮಾಡಿ ಬೆಳಗಿನ ಮೊದಲ ರೈಲು ಬರೋದರೊಳಗೆ ನಿಜವಾದ ಪುಟ್ಟ ಸ್ಟೇಷನ್ ಕಟ್ಟಡವನ್ನೇ ನಿಲ್ಲಿಸಿದರು. ಆರು ಗಂಟೆಯೂ ಹಿಡಿಯಲಿಲ್ಲ. ನಮಗೆ ಈ ಡಬ್ಬದ ಸ್ಟೇಷನ್‌ಗೆ ಎರಡು ಸಂಜೆ ಹಿಡಿಯಿತು, ಚಾವಣಿ ಇನ್ನೂ ಅಲ್ಲಾಡುತ್ತಿದೆ.

ತಗೋಬೇಕಾ ಅಂತ ಕೇಳಿದರೆ, ಐದಕ್ಕೆ ಮೂರು ಸ್ಟಾರ್. ಮೋಟರ್ ಗಟ್ಟಿ, ಹಳಿ ಲಡಾಸು. ಎರಡು ಪೆನ್ಸಿಲ್ ಸೆಲ್ ಮೂರು ದಿನಕ್ಕೆ ಖಾಲಿ, ರೀಚಾರ್ಜ್ ಆಗೋ ಸೆಲ್ ಹಾಕಿ. ತಗೊಳ್ಳುವಾಗ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ಬೋಗಿ ಎಣಿಸಿಕೊಳ್ಳಿ. ಏರಿಗೆ ಅಪ್ಪ ಒಂದು ಉಪಾಯ ಮಾಡಿದರು: ಹಳೇ ಸೈಕಲ್ ಟ್ಯೂಬಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಎಂಜಿನ್ನಿನ ಹಿಂದಿನ ಎರಡು ಚಕ್ರಕ್ಕೆ ಸುತ್ತಿ ಅಂಟಿಸಿದರು. ಈಗ ದಬ್ಬೆ ಪೂರ್ತಿ ಏರುತ್ತದೆ. ಇಳಿಯುವಾಗ ಮಾತ್ರ ಕೈ ಅಡ್ಡ ಹಿಡಿದು ಕೂತಿರಬೇಕು.