ಲೇಬಲ್ ಇಲ್ಲದ ಟೀ ಶರ್ಟು, ತೀರ್ಥಹಳ್ಳಿಯ ಮಳೆಯಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಮಗನಿಗೆ ತರಿಸಿದ ಈ ಲೇಬಲ್ ಇಲ್ಲದ ಟೀ ಶರ್ಟಿನ ಬಟ್ಟೆ ಚೆನ್ನಾಗಿದೆ. ನನ್ನ ತಕರಾರು ಏನಿದ್ದರೂ ಅದು ಒಣಗುವುದರ ಬಗ್ಗೆ. ಇದನ್ನು ಕೊಂಡ ಬಯಲುಸೀಮೆಯವರೆಲ್ಲ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದಾರೆ, ಕೊಡಲಿ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಬಟ್ಟೆ ಒಣಗಿಸುವ ಗೋಳು ಅವರಿಗಿಲ್ಲವಲ್ಲ.

ನಮ್ಮ ಮಗನಿಗೆ ಆಟಿಸಂ ಇದೆ. ಬಟ್ಟೆ ಚುಚ್ಚುತ್ತಿದೆ ಅಂತ ಅವನು ಬಾಯಿಬಿಟ್ಟು ಹೇಳುವುದಿಲ್ಲ, ಬಿಚ್ಚಿ ಎಸೆಯುತ್ತಾನೆ. ನೆಂಟರ ಮನೆ ಮದುವೆಯಲ್ಲಿ ಹೀಗಾದರೆ ‘ಎಷ್ಟು ಹಠ ನೋಡು’ ಅನ್ನುವವರೇ ಜಾಸ್ತಿ. ಹಠ ಅಲ್ಲ ಅದು. ಮುಟ್ಟಿದ್ದು, ಕೇಳಿದ್ದು, ಮೂಸಿದ್ದು ಕೆಲವು ಮಕ್ಕಳಿಗೆ ವಿಪರೀತ ತಟ್ಟುತ್ತದೆ, ಕೆಲವರಿಗೆ ತಟ್ಟುವುದೇ ಇಲ್ಲ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿಯಲ್ಲಿ ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿಗೆ ಇದನ್ನೂ ಸೇರಿಸಿದ್ದಾರೆ. ಶಿವಮೊಗ್ಗದಲ್ಲಿ ನಾವು ಹೋಗುವ ಥೆರಪಿಸ್ಟ್ ಇಷ್ಟೇ ಹೇಳಿದರು: ‘ಬಟ್ಟೆ ತಗೊಳ್ಳುವಾಗ ಹೊರಗಡೆ ನೋಡಬೇಡಿ, ಒಳಗಡೆ ತಿರುಗಿಸಿ ನೋಡಿ.’

ಅಂದಿನಿಂದ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಲ್ಲಿ ನಾನು ಶರ್ಟುಗಳ ಒಳಮೈ ಸವರುವುದನ್ನು ನೋಡಿ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಕತ್ತಿನ ಲೇಬಲ್ಲನ್ನು ಕತ್ತರಿಸಿದರೂ ಬುಡದಲ್ಲಿ ಒಂದು ಮೊಂಡು ಅಂಚು ಉಳಿಯುತ್ತದೆ, ಅದು ಲೇಬಲ್ಲಿಗಿಂತ ಕಡೆ. ಅಂಚಿನ ದಾರ ಬಿಡದಂತೆ ಹಾಕುವ ಓವರ್‌ಲಾಕ್ ಹೊಲಿಗೆ ಒಳಗಡೆ ಏಣು ಬಿಟ್ಟಿರುತ್ತದೆ. ಎದೆಯ ಮೇಲೆ ಕಸೂತಿ ಕಾರು ಇದ್ದರಂತೂ ಅದರ ಹಿಂಬದಿ ಪೂರ್ತಿ ದಾರದ ಗಂಟು.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದ್ದು ಈ ಟೀ ಶರ್ಟು. ಪೂರ್ತಿ ಹತ್ತಿ, ಹೊಲಿಗೆಯೆಲ್ಲ ಚಪ್ಪಟೆ, ಲೇಬಲ್ ಬದಲು ಕತ್ತಿನ ಹಿಂದೆ ಒಳಗೆ ಮುದ್ರೆ. ಒಂದಕ್ಕೆ 650 ರೂಪಾಯಿ. ಆ ದುಡ್ಡಿಗೆ ಗಾಂಧಿ ಬಜಾರಿನಲ್ಲಿ ಮೂರು ಬರುತ್ತವೆ ಅಂತ ನಮ್ಮನೆಯವರು ಗೊಣಗಿದರು. ಬರುತ್ತವೆ ನಿಜ, ಮೂರೂ ಬೀರುವಿನಲ್ಲೇ ಇರುತ್ತವೆ.

ಹಾಕಿಕೊಳ್ಳುವ ಮೊದಲು ಅವನದೊಂದು ತಪಾಸಣೆ ಇದೆ. ಶರ್ಟನ್ನು ಒಳಹೊರಗು ಮಾಡಿ ತೊಡೆಯ ಮೇಲೆ ಹಾಸಿಕೊಳ್ಳುತ್ತಾನೆ. ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾನೆ, ಎಡಗಡೆ ಮೊದಲು, ಆಮೇಲೆ ಬಲಗಡೆ. ಕಂಕುಳಲ್ಲಿ ನಾಲ್ಕು ಹೊಲಿಗೆ ಸೇರುವ ಜಾಗಕ್ಕೆ ಬಂದಾಗ ನಿಲ್ಲಿಸಿ ಒತ್ತಿ ನೋಡುತ್ತಾನೆ. ಕೊನೆಗೆ ಮೂಸುತ್ತಾನೆ. ಪಾಸಾದರೆ ತಲೆ ತೂರಿಸುತ್ತಾನೆ. ಈ ಶರ್ಟು ಮೊದಲ ಸಲ ಪಾಸಾದ ದಿನ ರಾತ್ರಿವರೆಗೂ ಮೈಮೇಲೇ ಇತ್ತು. ಅತ್ತೆ ಎರಡೆರಡು ಸಲ ಬಂದು ನೋಡಿ ಹೋದರು.

ಇನ್ನು ಗೋಳು. ಬಟ್ಟೆ 220 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 220 ಗ್ರಾಂ, ದಪ್ಪ. ಹತ್ತಿ ಸಾಧಾರಣ ಹವೆಯಲ್ಲೇ ತನ್ನ ತೂಕದ ಶೇ. 8.5ರಷ್ಟು ತೇವ ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಆಗುಂಬೆಯ ಪಕ್ಕದೂರಲ್ಲಿ ಜಡಿಮಳೆ ಹಿಡಿದಾಗ ಈ ಶರ್ಟು ಮೂರು ದಿನವಾದರೂ ಅಂಚಿನಲ್ಲಿ ತಣ್ಣಗೇ ಇರುತ್ತದೆ. ಮುಗ್ಗಲು ವಾಸನೆ ಬಂದರೆ ತಪಾಸಣೆಯಲ್ಲಿ ಫೇಲ್. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ನಮ್ಮ ಕಡೆಯ ಪದ್ಧತಿ. ಹೊಗೆ ವಾಸನೆ, ಅದೂ ಫೇಲ್. ಕಂಫರ್ಟ್‌ನಂಥ ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಿದರೆ ಹೂವಿನ ವಾಸನೆ, ದೊಡ್ಡ ಫೇಲ್.

ಉಳಿದಿದ್ದು ಇಸ್ತ್ರಿ. ಅಲ್ಲೇ ಸಿಟ್ಟು ಬಂದಿದ್ದು. ಇಸ್ತ್ರಿ ಪೆಟ್ಟಿಗೆ ತಾಗಿದರೆ ಕತ್ತಿನ ಮುದ್ರೆ ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಲೇಬಲ್ ಬೇಡ ಅಂತ ಇಷ್ಟು ದುಡ್ಡು ಸುರಿದು, ಲೇಬಲ್ ಜಾಗದಲ್ಲೇ ಕೆರೆಯುತ್ತಾ ಕೂರುವುದನ್ನು ನೋಡಬೇಕು! ಕಂಪನಿಗೆ ಬರೆದೆ. ‘ನೆರಳಿನಲ್ಲಿ ಒಣಗಿಸಿ’ ಅಂತ ಉತ್ತರ ಬಂತು. ನೆರಳಿಗೇನು ಬರ, ನಾಲ್ಕು ತಿಂಗಳು ಊರಿಗೆ ಊರೇ ನೆರಳು. ಮುದ್ರೆಯ ಮೇಲೆ ತೆಳು ಪಂಚೆ ತುಂಡು ಇಟ್ಟು ಇಸ್ತ್ರಿ ಮಾಡಿ, ಬಾಳಿಕೆ ಬರುತ್ತದೆ.

ನಡುವೆ ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರಿ ಸಂಘದ ಕೈಮಗ್ಗದ ಜುಬ್ಬಾ ತಂದೆವು. ತೆಳು, ಬೇಗ ಒಣಗುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಆದರೆ ನಮ್ಮವನಿಗೆ ಮೈಗೆ ಅಂಟಿಕೊಂಡಂತಿರುವ ಬಿಗಿ ಬಟ್ಟೆ ಬೇಕು, ಸಡಿಲ ಜುಬ್ಬಾ ಆಗಲಿಲ್ಲ. ಈಗ ನಾನು ಹಾಕಿಕೊಳ್ಳುತ್ತಿದ್ದೇನೆ. ಸಡಿಲ ಬಟ್ಟೆ ಇಷ್ಟಪಡುವ ಮಗುವಾದರೆ ನೀವು ನೋಡಬಹುದು.

ಮತ್ತೆ ಈ ಟೀ ಶರ್ಟಿಗೇ ಬಂದೆವು, ಅದಕ್ಕೆ ಕಾರಣ ಒಂದು ಬಾತ್ ಟವೆಲ್. ಮಷೀನಿನಲ್ಲಿ ಹಿಂಡಿದ ಶರ್ಟನ್ನು ಒಣ ಟವೆಲ್ ಮೇಲೆ ಹಾಸಿ ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ನಿಂತು ತುಳಿದರೆ ಉಳಿದ ನೀರೂ ಟವೆಲ್ಲಿಗೆ ಹೋಗುತ್ತದೆ. ತುಳಿಯುವುದು ನನ್ನ ಕೆಲಸವಾಗಿತ್ತು. ಒಂದು ಸಂಜೆ ಅವನೇ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಹತ್ತಿ ನಿಂತ. ಈಗ ದಿನಾ ಊಟದ ಮುಂಚೆ ಟವೆಲ್ ತಾನೇ ತರುತ್ತಾನೆ, ಹಿಮ್ಮಡಿ ಊರಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಕಾಲಿಗೆ ಹೀಗೆ ಭಾರ ಬೀಳುವ ಕೆಲಸ ಅವನಿಗೆ ಒಳ್ಳೆಯದು ಅಂತ ಥೆರಪಿಸ್ಟೂ ಖುಷಿಪಟ್ಟರು. ಆಮೇಲೆ ರಾತ್ರಿ ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆ ಇಸ್ತ್ರಿಗೆ ಸಿಕ್ಕುತ್ತದೆ. ತಾನು ತುಳಿದ ಶರ್ಟನ್ನು ಹೆಚ್ಚು ಮೂಸುವುದೂ ಇಲ್ಲ.

ಶಾಲೆಯದೂ ಒಂದು ಮಾತು. ಟೆರಿಕಾಟ್ ಯೂನಿಫಾರ್ಮ್ ಅವನಿಗೆ ಆಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಶಾಲೆ ಮಾಡಿಕೊಡಬೇಕು ಅಂತ 16ನೇ ಸೆಕ್ಷನ್ ಹೇಳುತ್ತದೆ. ಥೆರಪಿಸ್ಟ್ ಪತ್ರ ಲಗತ್ತಿಸಿ ಕೇಳಿದೆವು, ಅದೇ ಬಣ್ಣದ ಟೀ ಶರ್ಟಿಗೆ ಒಪ್ಪಿದರು.

ಬಿಗಿ ಇಷ್ಟಪಡುವ ಮಗುವಾದರೆ ಒಂದು ಸೈಜ್ ಚಿಕ್ಕದು ತಗೊಳ್ಳಿ. ಮಲೆನಾಡಿನವರು ಏಪ್ರಿಲ್‌ನಲ್ಲೇ ಆರ್ಡರ್ ಮಾಡಿ. ಹೊಸ ಬಟ್ಟೆಯ ವಾಸನೆ ಹೋಗಲು ನಾಲ್ಕಾರು ಸಲ ಒಗೆಯಬೇಕು, ಅಷ್ಟಕ್ಕೂ ಬಿಸಿಲು ಸಿಗಬೇಕಲ್ಲ. ನನ್ನದು ಮೂರೂವರೆ ಸ್ಟಾರ್. ಆ ಮುದ್ರೆಯನ್ನು ಬೆನ್ನಿಗಲ್ಲದೆ ಹೊರಗಡೆ ಅಂಚಿನಲ್ಲಿ ಹಾಕಿದ ದಿನ ಇನ್ನೊಂದು ಸೇರಿಸುತ್ತೇನೆ.