ಅಜ್ಜನಿಂದ ಮೊಮ್ಮಗಳವರೆಗೆ: ಮೂರು ಗೋ-ಕಾರ್ಟ್ ತಾಣಗಳ ಹೋಲಿಕೆ

ಕಳೆದ ಬೇಸಿಗೆಯಲ್ಲಿ ಅಪ್ಪ, ಅಮ್ಮ ತೀರ್ಥಹಳ್ಳಿಯಿಂದ ಬಂದು ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿ ಮೂರು ತಿಂಗಳು ಇದ್ದರು. ಅದೇ ಸಮಯಕ್ಕೆ ತಮ್ಮನೂ ಅವನ ಹೆಂಡತಿಯೂ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರಿಂದ, 71 ವರ್ಷದ ಅಪ್ಪನಿಂದ ಹಿಡಿದು ಆ ಪುಟ್ಟಿಯವರೆಗೆ ಮನೆಯಲ್ಲಿ ಒಂಬತ್ತು ಮಂದಿಯಾದೆವು. ನನ್ನ ಮಗಳಿಗೆ 14, ಮಗನಿಗೆ 9. ಎಲ್ಲರೂ ಸೇರಿ ಹೋಗುವ ಜಾಗ ಯಾವುದೆಂದು ಕೇಳಿದಾಗ ಮಕ್ಕಳಿಬ್ಬರೂ ಒಂದೇ ಮಾತಿನಲ್ಲಿ ಗೋ-ಕಾರ್ಟಿಂಗ್ ಎಂದರು, ಅಂದರೆ ಪುಟ್ಟ ರೇಸ್ ಗಾಡಿಗಳನ್ನು ಟ್ರ್ಯಾಕಿನಲ್ಲಿ ಓಡಿಸುವ ಆಟ. ಒಂದೇ ಕಡೆ ಹೋಗಿ ಬಂದು ತೀರ್ಮಾನಕ್ಕೆ ಬರುವುದು ಸರಿಯಲ್ಲವೆನಿಸಿ, ಐದು ವಾರಗಳಲ್ಲಿ ಮೂರು ಬಗೆಯ ತಾಣಗಳನ್ನು ನೋಡಿದೆವು: ದೊಡ್ಡ ಗೋದಾಮಿನಂಥ ಕಟ್ಟಡದೊಳಗಿನ ಎಲೆಕ್ಟ್ರಿಕ್ ಕಾರ್ಟ್ ಟ್ರ್ಯಾಕ್, ಬಯಲಿನಲ್ಲಿ ಪೆಟ್ರೋಲ್ ಕಾರ್ಟ್ ಓಡಿಸುವ ಮನರಂಜನಾ ಉದ್ಯಾನ, ಮತ್ತು ಆಟದ ಯಂತ್ರಗಳ ನಡುವೆ ಒಂದು ಪುಟ್ಟ ಒಳಾಂಗಣ ಟ್ರ್ಯಾಕ್ ಇಟ್ಟುಕೊಂಡಿರುವ ಆಟದ ಕೇಂದ್ರ.

ಇಂಥ ತಾಣಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ವೇಗ, ಟ್ರ್ಯಾಕಿನ ಉದ್ದ, ತಿರುವುಗಳ ಸಂಖ್ಯೆ ಇವುಗಳನ್ನೇ ಮುಂದಿಡುತ್ತಾರೆ. ನಾಲ್ವರು ಗೆಳೆಯರು ಹೋಗುವುದಾದರೆ ಅದು ಸರಿ. ಮೂರು ತಲೆಮಾರು ಒಟ್ಟಿಗೆ ಹೊರಟಾಗ ನಾನು ನೋಡಿದ್ದು ಬೇರೆ: ಅಲ್ಲಿ ಕಳೆದ ಹೊತ್ತಿನಲ್ಲಿ ಯಾರು ಎಷ್ಟು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕುಳಿತರು, ಅದರಲ್ಲೂ ಎಲ್ಲರಿಗಿಂತ ಹಿರಿಯರಿಗೆ ಮತ್ತು ಎಲ್ಲರಿಗಿಂತ ಕಿರಿಯಳಿಗೆ ಏನು ದಕ್ಕಿತು ಎಂಬುದು.

ಮೊದಲು ಹೋದದ್ದು ಎಲೆಕ್ಟ್ರಿಕ್ ಟ್ರ್ಯಾಕಿಗೆ. ಈ ಭಾಗದಲ್ಲಿ ಒಳಾಂಗಣ ಎಲೆಕ್ಟ್ರಿಕ್ ಕಾರ್ಟ್‌ಗಳು ಹೊಸದೇನಲ್ಲ. ಕೆ1 ಸ್ಪೀಡ್ ಎಂಬ ಸಂಸ್ಥೆ ತನ್ನ ಮೊದಲ ಕೇಂದ್ರವನ್ನು ಸ್ಯಾನ್ ಡಿಯಾಗೋ ಬಳಿಯ ಕಾರ್ಲ್ಸ್‌ಬ್ಯಾಡ್‌ನಲ್ಲಿ ತೆರೆದದ್ದು 2003ರಲ್ಲಿ. ನಾವು ಹೋದ ಕಡೆ ಯಾರು ಓಡಿಸಬಹುದೆಂಬುದು ಅವರವರ ಎತ್ತರದ ಮೇಲೆ ನಿಂತಿತ್ತು. ದೊಡ್ಡವರ ಕಾರ್ಟಿಗೆ 4 ಅಡಿ 10 ಅಂಗುಲ, ಮಕ್ಕಳ ಕಾರ್ಟಿಗೆ 4 ಅಡಿ ಇರಲೇಬೇಕು, ವಯಸ್ಸನ್ನು ಯಾರೂ ಕೇಳುವುದಿಲ್ಲ. ಮಗಳು ಒಂದು ಅಂಗುಲ ಹೆಚ್ಚಿದ್ದುದರಿಂದ ದೊಡ್ಡವರ ಸಾಲಿಗೆ ಸೇರಿದಳು, ಮಗ ಮಕ್ಕಳ ಸಾಲಿಗೆ. 3 ಅಡಿ 8 ಅಂಗುಲದ ಪುಟ್ಟಿಗೆ ಎರಡರಲ್ಲೂ ಜಾಗವಿರಲಿಲ್ಲ. ಇದು ಫೋನಿನಲ್ಲಿ ವಿಚಾರಿಸಿದ್ದರೆ ಮನೆಯಲ್ಲೇ ತಿಳಿಯುತ್ತಿತ್ತು. ಅಳತೆಯ ಕಂಬದ ಎದುರು ನಿಲ್ಲಿಸಿದ ಮೇಲೆ ಮಗುವಿಗೆ ಇಲ್ಲವೆನ್ನುವುದು ಬಹಳ ಕಷ್ಟದ ಕೆಲಸ. ದಯವಿಟ್ಟು ಹೊರಡುವ ಮುನ್ನ ಎಲ್ಲರ ಎತ್ತರ ಅಳೆದುಕೊಳ್ಳಿ.

ಅಪ್ಪನ ವಿಷಯದಲ್ಲಿ ನಾನು ಅಂಜಿದ್ದೆ. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇರುವವರು ಕೂರಬಾರದೆಂದು ಫಲಕದಲ್ಲಿ ಬರೆದಿತ್ತು, ಅದು ಸುಮ್ಮನೆ ಬರೆದ ಮಾತಲ್ಲ. ಕಾರ್ಟಿಗೆ ಸ್ಪ್ರಿಂಗ್ ಆಗಲಿ ಶಾಕ್ ಅಬ್ಸಾರ್ಬರ್ ಆಗಲಿ ಇರುವುದಿಲ್ಲ, ನೆಲದ ಪ್ರತಿಯೊಂದು ಏರುತಗ್ಗೂ ನೇರವಾಗಿ ಬೆನ್ನುಮೂಳೆಗೆ ಬಂದು ತಟ್ಟುತ್ತದೆ. ಅಪ್ಪನಿಗೆ ಅಂಥ ತೊಂದರೆಗಳಿಲ್ಲ. ಅಡಿಕೆ ತೋಟದಲ್ಲಿ ಇಂದಿಗೂ ಪವರ್ ಟಿಲ್ಲರ್ ಹಿಡಿಯುವವರು. 1956ರಲ್ಲಿ ಇಲ್ಲೇ ಗ್ಲೆಂಡೇಲ್‌ನಲ್ಲಿ, ಕರ್ಟಿಸ್ ಕ್ರಾಫ್ಟ್ ಎಂಬ ರೇಸ್ ಕಾರ್ ಕಾರ್ಖಾನೆಯ ಕೆಲಸಗಾರ ಆರ್ಟ್ ಇಂಗೆಲ್ಸ್ ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮೊದಲ ಕಾರ್ಟ್ ಮಾಡಿದನೆಂದೂ, ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಆರಂಭದ ಓಟಗಳು ನಡೆದವೆಂದೂ ದಾರಿಯಲ್ಲಿ ಹೇಳಿದ್ದೆ. "ಹಾಗಾದರೆ ಇದು ನಮ್ಮ ಟಿಲ್ಲರಿನ ದಾಯಾದಿಯೇ ಆಯಿತಲ್ಲ ಮಾರಾಯ" ಎಂದು ಅಪ್ಪ ಧೈರ್ಯವಾಗಿಯೇ ಹೆಲ್ಮೆಟ್ ಹಾಕಿಕೊಂಡರು.

ಅವರಿಗೆ ತೊಡಕಾದದ್ದು ಎಡಗಾಲು. ಕಾರ್ಟಿನಲ್ಲಿ ಎರಡೇ ಪೆಡಲ್: ಬಲಕ್ಕೆ ಆಕ್ಸಿಲರೇಟರ್, ಎಡಕ್ಕೆ ಬ್ರೇಕ್. ನಲವತ್ತು ವರ್ಷ ಜೀಪು ಓಡಿಸಿದ ಕಾಲು ತಿರುವು ಕಂಡ ಕೂಡಲೇ ಕ್ಲಚ್ ಹುಡುಕುತ್ತಾ ಎಡ ಪೆಡಲನ್ನು ಪೂರ್ತಿ ಒತ್ತುತ್ತಿತ್ತು, ಬಲಗಾಲು ಆಕ್ಸಿಲರೇಟರಿನ ಮೇಲೆ ಹಾಗೆಯೇ ಇರುತ್ತಿತ್ತು. ಎರಡನ್ನೂ ಒಟ್ಟಿಗೆ ಒತ್ತಿದರೆ ಆ ಕಾರ್ಟಿನ ಮೋಟಾರಿಗೆ ವಿದ್ಯುತ್ ಕಡಿದುಹೋಗುತ್ತದೆ. ಮೊದಲ ಎರಡು ಸುತ್ತಿನಲ್ಲಿ ಅಪ್ಪ ಮೂರು ಸಲ ತಿರುವಿನ ನಡುವೆ ನಿಂತರು. ಪ್ರತಿ ಸಲವೂ ಮಾರ್ಷಲ್, ಅಂದರೆ ಟ್ರ್ಯಾಕಿನ ಕಾವಲಿಗಿದ್ದ ಸಿಬ್ಬಂದಿ, ಎಚ್ಚರಿಕೆಯ ಹಳದಿ ಬಾವುಟ ಬೀಸಿ, ಕೈಯಲ್ಲಿದ್ದ ರಿಮೋಟಿನಿಂದ ಹಿಂದಿನ ಎಲ್ಲ ಕಾರ್ಟ್‌ಗಳ ವೇಗವನ್ನು ಒಮ್ಮೆಲೇ ಇಳಿಸಿದ. ಈ ಒಂದು ವ್ಯವಸ್ಥೆಗಾಗಿಯೇ ನಾನು ಎಲೆಕ್ಟ್ರಿಕ್ ಟ್ರ್ಯಾಕಿಗೆ ಹೆಚ್ಚು ಬೆಲೆ ಕೊಡುತ್ತೇನೆ: ನುರಿತವರೂ ಹೊಸಬರೂ ಬೆರೆತಿರುವ ಕಡೆ, ತಡವರಿಸಿದವನ ಹಿಂದೆ ಬರುತ್ತಿರುವವರ ವಿವೇಕವನ್ನು ನಂಬಿ ಕೂರುವ ಬದಲು, ಹೊರಗೆ ನಿಂತವನೊಬ್ಬನು ವೇಗವನ್ನು ತಗ್ಗಿಸಬಲ್ಲನಾದರೆ ಮನೆಯವರಿಗೆ ಎಷ್ಟೋ ನೆಮ್ಮದಿ. ಐದನೆಯ ಸುತ್ತಿನಿಂದ ಅಪ್ಪನ ಎಡಗಾಲು ಪಾಠ ಕಲಿತಿತ್ತು.

ಸ್ಥಾನಗಳನ್ನು ನಿರ್ಧರಿಸುವ ಕ್ರಮವೂ ನನಗೆ ಹಿಡಿಸಿತು. ಯಾರು ಮೊದಲು ಗೆರೆ ದಾಟಿದರೆಂಬುದಲ್ಲ, ಯಾರ ಒಂದು ಸುತ್ತು ಎಲ್ಲಕ್ಕಿಂತ ಕಡಿಮೆ ಹೊತ್ತಿನದು ಎಂಬುದೇ ಲೆಕ್ಕ. ಹೀಗಾಗಿ ನೀಲಿ ಬಾವುಟ ಕಂಡಾಗ ಪಕ್ಕಕ್ಕೆ ಸರಿದು ವೇಗದವರಿಗೆ ದಾರಿ ಬಿಟ್ಟರೆ ನಿಧಾನದವರು ಕಳೆದುಕೊಳ್ಳುವುದು ಏನೂ ಇಲ್ಲ. ಅಮ್ಮ ಸೀರೆಯಲ್ಲಿದ್ದುದರಿಂದ ಕಾರ್ಟಿನ ಹತ್ತಿರವೂ ಹೋಗುವಂತಿರಲಿಲ್ಲ. ಮಗಳು ಅಪ್ಪನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಅಜ್ಜ' ಎಂದು ಬರೆಸಿದ್ದಳು. ಅಮ್ಮ ಗಾಜಿನ ಹಿಂದೆ ಕುಳಿತು, ಗೋಡೆಯ ಪರದೆಯಲ್ಲಿ ಆ ನಾಲ್ಕಕ್ಷರ ಹನ್ನೊಂದರಿಂದ ಒಂಬತ್ತಕ್ಕೆ ಏರಿದ್ದನ್ನು ಪುಟ್ಟಿಗೆ ತೋರಿಸಿದರು.

ಸೀರೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಾರ್ಟಿನ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಆಕ್ಸಲ್ ತಿರುಗಿಸುತ್ತದೆ, ಅದು ಕುಳಿತವರ ಬೆನ್ನ ಹಿಂದೆಯೇ ಸುತ್ತುತ್ತಿರುತ್ತದೆ. ಹರಿಯಾಣದ ಪಿಂಜೋರ್‌ನಲ್ಲಿ 2018ರಲ್ಲಿ, ಹೈದರಾಬಾದಿನ ಹೊರವಲಯದಲ್ಲಿ 2020ರಲ್ಲಿ ಕೂದಲು ಹಿಂದಿನ ಚಕ್ರದ ಭಾಗಕ್ಕೆ ಸಿಕ್ಕಿ ಇಬ್ಬರು ಯುವತಿಯರು ಪ್ರಾಣ ಕಳೆದುಕೊಂಡರು. ಜಡೆಯನ್ನು ತುರುಬು ಕಟ್ಟಿ, ತಲೆಗೆ ಬಿಗಿಯಾಗಿ ಕೂರುವ ಬಟ್ಟೆಯ ಮುಸುಕು ಹಾಕಿ, ಅದರ ಮೇಲೆ ಹೆಲ್ಮೆಟ್ ಧರಿಸಬೇಕು. ದುಪಟ್ಟ, ಸೆರಗು, ಸಡಿಲವಾದ ಶಾಲು ಯಾವುದೂ ಮೈಮೇಲೆ ಇರಬಾರದು. ಸಿಬ್ಬಂದಿ ಕೇಳದಿದ್ದರೂ ನಾವೇ ನೋಡಿಕೊಳ್ಳಬೇಕಾದ ಸಂಗತಿಯಿದು.

ಎರಡನೆಯದು ಬಯಲಿನ ಪೆಟ್ರೋಲ್ ಟ್ರ್ಯಾಕ್. ಪುಟ್ಟಿಗೆ ಮೊದಲ ಸಲ ನ್ಯಾಯ ಸಿಕ್ಕಿದ್ದು ಇಲ್ಲಿ. ಇಬ್ಬರು ಕೂರುವ ಕಾರ್ಟ್‌ಗಳಿದ್ದವು, ಪಕ್ಕದ ಸೀಟಿಗೆ 3 ಅಡಿ 4 ಅಂಗುಲ ಎತ್ತರ ಸಾಕಿತ್ತು, ತಮ್ಮ ಅವಳನ್ನು ಕೂರಿಸಿಕೊಂಡು ಓಡಿಸಿದ. ಒಳಾಂಗಣದಲ್ಲಿ ಮಗ ಮಕ್ಕಳ ಓಟದಲ್ಲಿ, ನಾವು ದೊಡ್ಡವರ ಓಟದಲ್ಲಿ, ಹೀಗೆ ಅಣ್ಣ-ಅಕ್ಕ-ತಂಗಿಯರೆಲ್ಲ ಒಂದೇ ಟ್ರ್ಯಾಕಿನಲ್ಲಿ ಇರಲೇ ಇಲ್ಲ. ಇಲ್ಲಿ ನಮ್ಮ ಮನೆಯ ಐದು ಕಾರ್ಟ್‌ಗಳು ಒಂದರ ಹಿಂದೊಂದು ಹೊರಟವು. ಅಪ್ಪನಿಗೂ ಪೆಟ್ರೋಲ್ ಕಾರ್ಟೇ ಸುಲಭವಾಯಿತು. ಎಲೆಕ್ಟ್ರಿಕ್ ಮೋಟಾರು ಪೆಡಲ್ ಮುಟ್ಟಿದ ಕ್ಷಣವೇ ಪೂರ್ತಿ ಬಲದಿಂದ ನೂಕುತ್ತದೆ, ಪೆಟ್ರೋಲ್ ಕಾರ್ಟಿನಲ್ಲಿ ಎಂಜಿನ್ ಸುತ್ತುವ ವೇಗ ಏರಿದ ಮೇಲೆ ಕ್ಲಚ್ ತಾನಾಗಿಯೇ ಹಿಡಿಯುವುದರಿಂದ ಹೊರಡುವುದು ಸಾವಕಾಶ. ಒಬ್ಬರಿಗೆ ಖರ್ಚು ಒಳಾಂಗಣದ ಅರ್ಧಕ್ಕಿಂತ ಕಡಿಮೆ.

ಆದರೆ ಜುಲೈ ಮಧ್ಯಾಹ್ನದ ಬಿಸಿಲಿನಲ್ಲಿ, ಹೊಗೆಯ ವಾಸನೆಯ ನಡುವೆ, ಅಮ್ಮನಿಗೆ ಅರ್ಧ ಗಂಟೆಯಲ್ಲೇ ತಲೆನೋವು ಬಂತು. ಬಯಲಾದ್ದರಿಂದ ಹೊಗೆ ಹರಡಿಹೋಗುತ್ತಿತ್ತು. ಮುಚ್ಚಿದ ಕಟ್ಟಡದೊಳಗೆ ಪೆಟ್ರೋಲ್ ಕಾರ್ಟ್ ಓಡಿಸುವ ತಾಣಗಳಿಗೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯುವವರು ಗಾಳಿ ಹೊರಹಾಕುವ ದೊಡ್ಡ ಫ್ಯಾನುಗಳು ಚೆನ್ನಾಗಿ ಓಡುತ್ತಿವೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇನ್ನೊಂದು ಕೊರತೆಯೆಂದರೆ, ಇಲ್ಲಿ ರಿಮೋಟ್ ಇರಲಿಲ್ಲ. ಡಿಕ್ಕಿ ಹೊಡೆಯಬಾರದೆಂಬ ಫಲಕದ ಎದುರಿಗೇ ಒಬ್ಬ ಹುಡುಗ ತಮ್ಮನ ಕಾರ್ಟಿಗೆ ಎರಡು ಸಲ ಹಿಂದಿನಿಂದ ಗುದ್ದಿದ. ಕಾವಲಿದ್ದವನು ಕೂಗುವುದರಾಚೆ ಏನೂ ಮಾಡಲಾಗಲಿಲ್ಲ.

ಆಟದ ಕೇಂದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಕ್ ಚಿಕ್ಕದು, ಕಾರ್ಟ್ ನಿಧಾನ, ಶನಿವಾರ ಸಂಜೆ 50 ನಿಮಿಷ ಸಾಲಿನಲ್ಲಿ ನಿಂತು ಐದು ನಿಮಿಷ ಓಡಿಸಿದೆವು. ಮಗನ ಸೀಟ್ ಬೆಲ್ಟಿನ ಕೊಕ್ಕೆ ಸರಿಯಾಗಿ ಬಿದ್ದಿರಲಿಲ್ಲ, ಸಿಬ್ಬಂದಿ ನೋಡದೆ ಮುಂದೆ ಹೋದರು. ನನ್ನ ಹೆಂಡತಿ ಬೇಲಿಯ ಹೊರಗಿನಿಂದ ಕೂಗಿ ನಿಲ್ಲಿಸಿದಳು. ಅಷ್ಟಾದರೂ ಪುಟ್ಟಿಯೂ ಅಮ್ಮನೂ ಅಲ್ಲಿನ ಚೆಂಡೆಸೆಯುವ ಯಂತ್ರದ ಮುಂದೆ ಒಂದೂವರೆ ಗಂಟೆ ಸಂತೋಷವಾಗಿ ಕಳೆದರು ಎಂಬುದನ್ನು ಮರೆಮಾಚಲಾರೆ.

ಮನೆಯಲ್ಲಿ 4 ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಲ್ಲದಿದ್ದರೆ ಯೋಚಿಸದೆ ಎಲೆಕ್ಟ್ರಿಕ್ ಒಳಾಂಗಣಕ್ಕೇ ಹೋಗಿ ಎನ್ನುತ್ತೇನೆ. ಒಂದು ಓಟಕ್ಕೆ ತಲಾ ಸುಮಾರು 30 ಡಾಲರ್ ಆದರೂ. ಇಡೀ ದಿನಕ್ಕೆ ಒಬ್ಬರಿಗೆ ಎರಡು ಓಟ ಸಾಕು. ಪವರ್ ಸ್ಟೇರಿಂಗ್ ಇಲ್ಲದ ಕಾರ್ಟನ್ನು ತಿರುಗಿಸಿ ತಿರುಗಿಸಿ ಮಗನ ಮುಂಗೈ ಮೂರನೆಯ ಓಟದಲ್ಲಿ ಸೋತುಹೋಗಿತ್ತು, ಅಪ್ಪನಿಗೆ ಮರುದಿನ ಪಕ್ಕೆಲುಬು ನೋಯುತ್ತಿತ್ತು. ಚಿಕ್ಕ ಮಗುವಿದ್ದರೆ ಇಬ್ಬರ ಸೀಟಿನ ಕಾರ್ಟ್ ಇರುವ ಬಯಲಿನ ತಾಣ, ಅದೂ ವಾರದ ದಿನ, ಬಿಸಿಲಿಳಿದ ಮೇಲೆ. ನಾವು ಅಪ್ಪ, ಅಮ್ಮ ಹೊರಡುವ ಹಿಂದಿನ ವಾರ ಒಂದು ಬುಧವಾರ ಸಂಜೆ ಆರೂವರೆಗೆ ಹಾಗೆಯೇ ಹೋದೆವು. ಸಾಲಿರಲಿಲ್ಲ. ಅಮ್ಮ ಸೊಸೆಯ ಪ್ಯಾಂಟು ಶರ್ಟು ಹಾಕಿ, ತುರುಬು ಬಿಗಿದು, ಅಪ್ಪ ಓಡಿಸಿದ ಕಾರ್ಟಿನ ಪಕ್ಕದ ಸೀಟಿನಲ್ಲಿ ಕುಳಿತು ಆರು ಸುತ್ತು ಬಂದರು.