ಡೆಂಗ್ಯೂ: ಕಾರ್ಡ್ ಟೆಸ್ಟೋ, ಎಲಿಸಾನೋ?

ಡೆಂಗ್ಯೂಗೆ ಯಾದಗಿರಿಯಲ್ಲೇ ಕಾರ್ಡ್ ಟೆಸ್ಟ್ (ಪುಟ್ಟ ಕಾರ್ಡ್ ಮೇಲೆ ರಕ್ತದ ಹನಿ ಹಾಕಿ ನೋಡುವ ದಿಢೀರ್ ಪರೀಕ್ಷೆ) ಮಾಡಿಸಲಾ, ಕಲಬುರಗಿಗೆ ಹೋಗಿ ಎಲಿಸಾ (ಲ್ಯಾಬಿನಲ್ಲಿ ಯಂತ್ರದ ಸಹಾಯದಿಂದ ಮಾಡುವ ರಕ್ತಪರೀಕ್ಷೆ) ಮಾಡಿಸಲಾ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಅಂಥ ವ್ಯತ್ಯಾಸವಿಲ್ಲ: 2024ರಲ್ಲಿ ಸರ್ಕಾರ ಕಾರ್ಡ್‌ಗೆ 250, ಒಂದೊಂದು ಎಲಿಸಾಗೆ 300 ರೂಪಾಯಿ ಮಿತಿ ಹಾಕಿತ್ತು. ಬಸ್ ಚಾರ್ಜು ಬೇರೆ. ಕಾರ್ಡ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಎಲಿಸಾಗೆ ಗಂಟೆಗಳೇ ಬೇಕು.

ನಿಖರತೆಯದ್ದೇ ತಲೆನೋವು. ಟೆಸ್ಟ್ ಕಿಟ್ಟಿನ ಡಬ್ಬಿಯ ಮೇಲೆ ಬರೆದ ನಿಖರತೆಯ ಶೇಕಡಾ ಲೆಕ್ಕವನ್ನು ಸುಮ್ನೆ ನಂಬಬೇಡಿ. ಯಾವ ದಿನದ ರಕ್ತ, ಯಾವ ಟೆಸ್ಟ್ ಜೊತೆ ಹೋಲಿಸಿದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಜ್ವರದ ಮೊದಲ 5 ದಿನ ಎನ್‌ಎಸ್‌1 (ರಕ್ತದಲ್ಲಿ ಸಿಗುವ ಡೆಂಗ್ಯೂ ವೈರಸ್‌ನ ಪ್ರೋಟೀನ್) ನೋಡಬೇಕು, ಆಮೇಲಾದರೆ ಐಜಿಎಂ (ವೈರಸ್ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯ) ಎಲಿಸಾ ವಾಸಿ. ಹಿಂದೆ ಡೆಂಗ್ಯೂ ಬಂದವರಲ್ಲಿ ಎನ್‌ಎಸ್‌1 ಟೆಸ್ಟಿಗೆ ಸಿಗದೆ ತಪ್ಪಿಸಿಕೊಳ್ಳುವುದು ಜಾಸ್ತಿ. ಐಜಿಎಂ 2-3 ತಿಂಗಳು ಉಳಿಯುವುದರಿಂದ ಹಳೇ ಸೋಂಕೂ ಪಾಸಿಟಿವ್ ತೋರಿಸಬಹುದು.

ನಿನ್ನೆಯಷ್ಟೇ ಜ್ವರ ಬಂದಿದ್ದರೆ ಊರಲ್ಲೇ ಎನ್‌ಎಸ್‌1 ನೋಡುವ ಕಾರ್ಡ್ ಟೆಸ್ಟ್ ಮಾಡಿಸಿ. ನೆಗೆಟಿವ್ ಬಂದರೂ ಹೊಟ್ಟೆನೋವು, ವಾಂತಿ ಬಿಡದಿದ್ದರೆ ಯಾವ ರಿಪೋರ್ಟಿಗೂ ಕಾಯದೆ ಡಾಕ್ಟರ್ ಬಳಿ ಹೋಗಿ.